ಕೂದಲೆಳೆಯಷ್ಟು ಗಿಡ್ಡ

ಅಮ್ಮಾ,

ನೀನು ಹೋದಮೇಲೆ ನಾನು ಕೂತರೂ ನಿನ್ನ ಹೊಲಿಗೆ ಮೆಷಿನ್ನು ನಡುನಡುವೆ ಹೊಲಿಗೆ ಬೀಳಿಸದೆ ಹಾರಿಸಿತು. ಸೂಜಿಯದೇ ತಕರಾರಿರಬೇಕೆಂದು ಇವತ್ತು ಮೂರು ಅಂಗಡಿ ಸುತ್ತಿದೆ. ಕೊನೆಗೆ ಒಬ್ಬ ರಿಪೇರಿಯವರು ನಿನ್ನ ಡಬ್ಬಿಯ ಹಳೆಯ ಸೂಜಿಯನ್ನೂ ನಾನು ನಿನಗೆ ತಂದುಕೊಟ್ಟಿದ್ದ, ಮೆಷಿನ್ನಿನಲ್ಲೇ ಇದ್ದ ಹೊಸದನ್ನೂ ಅಕ್ಕಪಕ್ಕ ಹಿಡಿದು, ನನಗೆ ಭೂತಗನ್ನಡಿ ಕೊಟ್ಟರು. ನಂಬುತ್ತೀಯಾ, ಹೊಸದು ಕೂದಲೆಳೆಯಷ್ಟು ಗಿಡ್ಡ!

“ಅಷ್ಟು ಸಾಕಮ್ಮ, ಕೆಳಗಿನ ಕೊಕ್ಕೆಗೆ ದಾರ ಸಿಗಲ್ಲ,” ಎಂದರು.

“ಹೊಲಿಗೆ ಹಾರ್ತಿದೆ ಕಣೇ,” ಎಂದು ನೀನು ಆಗಲೇ ಹೇಳಿದ್ದೆ. ನಾನು ಬಟ್ಟೆಯತ್ತ ನೋಡದೆಯೇ, “ನಿಂಗೆ ಕಣ್ಣು ಕಾಣಲ್ಲ, ಇನ್ನು ಸಾಕುಮಾಡು,” ಎಂದಿದ್ದೆ.

ಸರಿಯಾದ ಸೂಜಿ ಹಾಕಿ, ನೀನು ಅರ್ಧಕ್ಕೆ ಬಿಟ್ಟ ದಿಂಬಿನ ಕವರಿನ ಮಡಿಕೆ ಬಿಡಿಸಿದೆ. ಹೊಲಿಗೆ ಹಾರಿದಲ್ಲೆಲ್ಲ ನೀನಿಟ್ಟ ಸೀಮೆಸುಣ್ಣದ ಗುರುತು. ಗುರುತು ತಪ್ಪಿದ್ದು ಒಂದಾದರೂ ಇದೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕಿದೆ.

ನೀನು ಒಂದನ್ನೂ ಬಿಟ್ಟಿಲ್ಲ.