ಹಿಂದಿನ ಸೀಟು

ತಮ್ಮಾ ವೆಲಾಫಿ,

ಇವತ್ತು ನನ್ನ ಬೆನ್ನಿನ ಎಂಆರ್‌ಐ ಆಯಿತು. "ಮೂಳೆ ಮುರಿದಿಲ್ಲಮ್ಮ, ನರಕ್ಕೂ ಒತ್ತಡ ಬಿದ್ದಿಲ್ಲ. ಡಿಸ್ಕ್ ಸವೆದಿರೋದು ಆಕ್ಸಿಡೆಂಟಿಗಿಂತ ಹಳೇದು. ನಿಮ್ಮ ನೋವು ನಿಜ, ಚಿತ್ರದಲ್ಲಿ ಕಾಣಲ್ಲ ಅಷ್ಟೇ" ಎಂದರು ಡಾಕ್ಟರಮ್ಮ. ಟ್ಯಾಕ್ಸಿ ಉರುಳುವ ಮುಂಚೆ ಹಿಂದಿನ ಸೀಟಿನಿಂದ ನಿನ್ನ ಮೊಣಕಾಲು ಒತ್ತುತ್ತಿದ್ದ ಜಾಗವೇ ನೋಯುತ್ತದೆ ಎಂದು ನಾನು ಹೇಳಲಿಲ್ಲ.

ನೀನು ಸತ್ತ ಎಶೋವೆ ತಿರುವಿನಿಂದ ನಮ್ಮ ಪದ್ಧತಿಯಂತೆ ನಿನ್ನ ಆತ್ಮವನ್ನು ಎಲಚಿ ಕೊಂಬೆಯಲ್ಲಿ, ನಿನಗೂ ಒಂದು ಸೀಟು ಹಿಡಿದು, ಮನೆಗೆ ಕರೆತರುವಾಗ ನಾನು ಬೇರೆ ಯಾರೊಡನೆಯೂ ಮಾತಾಡಬಾರದಿತ್ತು; ಮಾತಾಡಿದರೆ ಆತ್ಮ ದಾರಿಯಲ್ಲೇ ಉಳಿದುಬಿಡುತ್ತದೆ. ಗಾಡಿ ಗುಂಡಿಗೆ ಬಿದ್ದಾಗ ಡ್ರೈವರಿಗೆ "ನಿಧಾನ ಕಣಪ್ಪಾ, ಬೆನ್ನು" ಎಂದುಬಿಟ್ಟೆ. ಅಮ್ಮ ಮಾತ್ರ ನೀನು ಬಂದೆ ಎಂದೇ ನಂಬಿದ್ದಾಳೆ.

ಮಿಷನ್ನೊಳಗೆ ಅಲುಗಾಡಬೇಡಿ, ಮಾತಾಡಬೇಡಿ ಎಂದರು. ಅದರ ಸದ್ದು ನಿಂತ ಮೇಲೂ ಬೆನ್ನಿಗೆ ಮೊಣಕಾಲು ಗುದ್ದುತ್ತಲೇ ಇತ್ತು. ನಾನು ಬಾಯಿ ಬಿಡಲಿಲ್ಲ.

ಆಸ್ಪತ್ರೆಯಿಂದ ಬರುವಾಗ ಟ್ಯಾಕ್ಸಿಯಲ್ಲಿ ನನ್ನ ಹಿಂದಿನ ಸೀಟಿಗೂ ನಾನೇ ದುಡ್ಡು ಕೊಟ್ಟೆ. "ಕೈಯಲ್ಲಿ ಕೊಂಬೆ ಇಲ್ಲ, ಆ ಸೀಟು ಯಾರಿಗಕ್ಕಾ?" ಎಂದ ಡ್ರೈವರ್. ಮನೆ ಮುಟ್ಟುವವರೆಗೂ ನಾನು ಉತ್ತರ ಕೊಡಲಿಲ್ಲ.