ರೊಪ್ಪಕ್ಕೆ ಕಾಲಿಡುವ ಮುನ್ನ

ಜನವರಿ 3, ಶುಕ್ರವಾರ
ಇವತ್ತೂ ಅದೇ. ಗೊಬ್ಬರದ ಅಂಗಡಿಯ ಷಟರ್ ಎಳೆದು, ಚಳ್ಳಕೆರೆ ಬಸ್ ಸ್ಟ್ಯಾಂಡ್ ಹಿಂದಿನ ಬಾರಿನಲ್ಲಿ ಒಂದು ಕ್ವಾರ್ಟರ್, ಬಾಯಿಗೆ ಏಲಕ್ಕಿ, ಬಸ್ಸು. ವಾಸನೆ ಹೋಗಲೆಂದು ಊರ ಹೊರಗಿನ ಬೋರ್‌ವೆಲ್‌ನಲ್ಲಿ ಮಿಂದೇ ಹಟ್ಟಿಗೆ ಬಂದೆ. ಚಳಿಗೆ ಹಲ್ಲು ಕಟಕಟ. ಯರ್ರಮ್ಮಜ್ಜಿ ನೋಡಿ, "ಕ್ಯಾತಣ್ಣನ ಮಗಂದು ಏನು ಮಡಿನಪ್ಪ" ಅಂದಳು. ಥೂ, ನನ್ನ ಜನ್ಮಕ್ಕಿಷ್ಟು.

ನಮ್ಮ ಹಟ್ಟಿಯೊಳಗೆ ಹೆಂಡ ಬರುವಂತಿಲ್ಲ. ದೇವರ ಎತ್ತುಗಳನ್ನು ಕೂಡಿಹಾಕುವ ರೊಪ್ಪಕ್ಕೆ ಕುಡುಕ ಕಾಲಿಡುವಂತಿಲ್ಲ. ಆ ಎತ್ತುಗಳನ್ನು ಕಾಯುವ ಕಿಲಾರಿ ನನ್ನಪ್ಪ. ಅಜ್ಜನೂ ಅದೇ. ಅಪ್ಪನ ಮೊಣಕಾಲು ಹೋಗಿದೆ. ಮುಂದಿನ ತಿಂಗಳು ಪೂಜೆ ಮಾಡಿ ಕಿಲಾರಿಯ ಕೋಲು ನನ್ನ ಕೈಗೆ ಕೊಡುತ್ತಾರಂತೆ. ಅಷ್ಟರೊಳಗೆ ಬಿಡಬೇಕು. ಬಿಟ್ಟೇನಾ...

ಜನವರಿ 5, ಭಾನುವಾರ
ಆಸ್ಪತ್ರೆ ಗೋಡೆಯ ಮೇಲೆ ನೋಡಿದ್ದೆ — ಕುಡಿತ ಬಿಡಬೇಕೆನ್ನುವವರ ಮೀಟಿಂಗ್, ಭಾನುವಾರ ಸಂಜೆ, ಹಳೇ ಟ್ಯುಟೋರಿಯಲ್ ಮಹಡಿ. ಅಂಗಡಿಗೆ ಸ್ಟಾಕ್ ಬರುತ್ತದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೊರಟೆ. ದಾರಿ ಕೇಳಲು ಮುಖ ಬೇಕಲ್ಲ. ಮೆಟ್ಟಿಲು ಕಂಡಲ್ಲಿ ಹತ್ತಿದೆ. ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ಟೀ ಕೊಟ್ಟರು. ಎಂಥ ಒಳ್ಳೆ ಜನ ಅಂದುಕೊಂಡೆ. ಬಹಳ ಹೊತ್ತಾದ ಮೇಲೆ ಗೊತ್ತಾಯಿತು, ಇನ್ಶೂರೆನ್ಸ್ ಏಜೆಂಟರ ಸಭೆ. ಇನ್ನೊಂಚೂರು ಕೂತಿದ್ದರೆ ನನಗೂ ಪಾಲಿಸಿ ಮಾಡಿಸಿಬಿಡುತ್ತಿದ್ದರು. ಮೆಟ್ಟಿಲಿಳಿಯುವಾಗ ನಗು ಬಂತು. ಆಮೇಲೆ ಕುಡಿದೆ.

ಜನವರಿ 12, ಭಾನುವಾರ
ಸಿಕ್ಕಿತು. ಪಕ್ಕದ ಮಹಡಿಯೇ. ಏಳೆಂಟು ಜನ. ನಡೆಸುವವರು ಜಂಪಣ್ಣ. ಎಣ್ಣೆ ಮಿಲ್ಲಿನಲ್ಲಿದ್ದವರು, ಕುಡಿತ ಬಿಟ್ಟು ಎಷ್ಟೋ ವರ್ಷ ಆಯಿತಂತೆ. ಹೆಸರು ಕೇಳಿದರು. "ಮಾರುತೇಶ" ಅಂದುಬಿಟ್ಟೆ. ಓಬಳೇಶ ಅಂದು ಸುದ್ದಿ ಹಟ್ಟಿಗೆ ಮುಟ್ಟಿದರೆ? ಊರು, ಕೆಲಸ ಮಾತ್ರ ನಿಜ ಹೇಳಿದೆ, ಪೆದ್ದ.

"ಕೈ ನಡುಗಿದ್ರೆ ಫೋನ್ ಮಾಡು. ಸಂಕೋಚ ಮಾಡ್ಕಾಬ್ಯಾಡ," ಅಂದರು. ನಂಬರ್ ಕೊಟ್ಟೆ, ತಗೊಂಡೆ. ಕುಡಿಯದೆ ಬಸ್ ಹತ್ತಿದೆ.

ಜನವರಿ 19, ಭಾನುವಾರ
ಕುಡಿದಿಲ್ಲ. ನಿದ್ದೆಯೂ ಇಲ್ಲ. ಬೆವರು, ವಾಕರಿಕೆ. ಹೆಂಡತಿ ಕಾಂಚನಾ ಹಣೆ ಮುಟ್ಟಿ "ಜ್ವರನಾ?" ಅಂದಳು. ಹೂಂ ಅಂದೆ. ಮೀಟಿಂಗಿನಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಅದೂ ಇನ್ನೊಬ್ಬರ ಹೆಸರಿನಲ್ಲಿ. "ಅಳು ಮಾರುತೇಶ, ಅಳು," ಅಂತ ಜಂಪಣ್ಣ ಬೆನ್ನು ಸವರಿದರು. ನಾಚಿಕೆ... ಆದರೂ ಎದೆ ಹಗುರ.

ಫೆಬ್ರವರಿ 4, ಮಂಗಳವಾರ
ಕುಡಿದೆ. ಡೀಲರ್ ಕರೆದ. ಒಂದೇ ಒಂದು ಅಂದ. ಒಂದಕ್ಕೆ ನಿಲ್ಲಲಿಲ್ಲ. ಜಂಪಣ್ಣ ಫೋನ್ ಮಾಡುತ್ತಲೇ ಇದ್ದಾರೆ. ಎತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ಎತ್ತಲಿ. ಮೀಟಿಂಗ್ ಸಾಕು.

ಫೆಬ್ರವರಿ 15, ಶನಿವಾರ
ನಾಡಿದ್ದು ಪೂಜೆ. ಅಂಗಡಿಗೆ ರಜೆ ಹಾಕಿ ಒಳಗೆ ಮಲಗಿದ್ದೆ. ಹೊರಗೆ ಗುರುತಿನ ದನಿ — ಜಂಪಣ್ಣ! ಅಪ್ಪನ ಹತ್ತಿರ ಕೇಳುತ್ತಿದ್ದಾರೆ.

"ಮಾರುತೇಶ ಅಂತ, ಗೊಬ್ಬರದಂಗಡಿಯಾಗೆ ಕೆಲಸ. ಫೋನ್ ಎತ್ತವಲ್ಲ. ಚೆನ್ನಾಗಿದಾನಾ ಅಂತ ನೋಡ್ಕೊಂಡು ಹೋಗಾಣ ಅಂತ ಬಂದೆ."

"ಆ ಹೆಸರಿನೋರು ಯಾರೂ ಇಲ್ಲ ಕಣ್ರಿ. ಗೊಬ್ಬರದಂಗಡಿಗೆ ಹೋಗೋನು ನನ್ನ ಮಗ ಓಬಳೇಶ ಒಬ್ನೇ."

ಜಂಪಣ್ಣನ ದನಿ ಸಣ್ಣಗಾಯಿತು.

"ಹಂಗಾದ್ರೆ ನಾನೇ ಊರು ತಪ್ಪಿ ಬಂದೀನಿ ಬಿಡ್ರಿ."

ಅವರಿಗೆ ಗೊತ್ತಾಗಿದೆ. ಗೊತ್ತಾಗಿಯೂ ನನ್ನನ್ನು ಉಳಿಸಿ ಹೋದರು. ನಾನು ಕಂಬಳಿ ಎಳೆದುಕೊಂಡೆ. "ಪಾಪ, ಈ ಬಿಸಿಲಾಗೆ ನೀರೂ ಕುಡೀದೆ ಹೋದ್ರು," ಅಂದಳು ಕಾಂಚನಾ.

ಫೆಬ್ರವರಿ 17, ಸೋಮವಾರ
ಇದನ್ನು ಬರೆದಿಡಬೇಕು.

ರೊಪ್ಪದ ಮುಂದೆ ಇಡೀ ಹಟ್ಟಿ. ಚಪ್ಪಲಿ ಬಿಟ್ಟು ನಿಂತೆ. ಅಪ್ಪ ಕೋಲು ಚಾಚಿದ. ಸುಮ್ಮನೆ ತಗೊಂಡಿದ್ದರೆ ಮುಗಿಯುತ್ತಿತ್ತು. ಕೈ ಮುಂದಕ್ಕೇ ಹೋಗಲಿಲ್ಲ.

"ನಾನು ಕುಡೀತೀನಪ್ಪ. ಭಾಳ ವರ್ಷ ಆತು."

ಅಪ್ಪ ನನ್ನನ್ನೇ ನೋಡಿದ.

"ಮೊನ್ನೆ ಬಂದಿದ್ದ ಮನುಷ್ಯ ಕೇಳಿದ್ದು ನಿನ್ನೇನಾ?"

"ಹೂಂ."

"ನಿನ್ನ ಹುಡುಕ್ಕೊಂಡು ಬಂದೋನಿಗೆ ನನ್ನ ಬಾಯಾಗೆ ಇಲ್ಲ ಅನ್ನಿಸಿದೆಯಲ್ಲಲೇ."

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಕೋಲು ನಮ್ಮ ಹಟ್ಟಿಯವನೇ ಆದ ಪಾಲಣ್ಣನ ಮನೆಗೆ ಹೋಯಿತು. ಇನ್ನು ನಮ್ಮ ಮನೆಗೆ ಬರುವುದಿಲ್ಲ.

ಫೆಬ್ರವರಿ 23, ಭಾನುವಾರ, ಸಂಜೆ, ಬಸ್ ಸ್ಟ್ಯಾಂಡ್
ಅಪ್ಪ ಮಾತು ಬಿಟ್ಟಿದ್ದಾನೆ. ಬೆಳಿಗ್ಗೆ ಪಾಲಣ್ಣ ಎತ್ತು ಹೊಡೆದುಕೊಂಡು ಹೋಗುವಾಗ ದೂರದಲ್ಲಿ ನಿಂತು ನೋಡುತ್ತಿದ್ದ. ನೋಡಲಾಗಲಿಲ್ಲ ನನಗೆ.

ಹೊರಡುವಾಗ ಕಾಂಚನಾ ಅಡ್ಡ ನಿಂತಳು. "ಎಲ್ಲ ಹೋತಲ್ಲ. ಇನ್ಯಾತಕ್ಕೆ ಕುಡಿಯೋದು ಬಿಡ್ತೀಯಾ?"

ಚುಚ್ಚಲಿಕ್ಕಲ್ಲ. ನಿಜವಾಗಿ ಕೇಳಿದಳು. ಬಸ್ಸಿನುದ್ದಕ್ಕೂ ಉತ್ತರ ಹುಡುಕಿದೆ. ಈಗ ಕುಡಿದರೆ ಕಳೆದುಕೊಳ್ಳಲು ಏನೂ ಇಲ್ಲ. ಆ ಯೋಚನೆ ಎಷ್ಟು ಹಿತವಾಗಿದೆ ಎಂದರೆ, ನನಗೇ ಹೆದರಿಕೆ.

ಜಂಪಣ್ಣನಿಗೆ ಫೋನ್ ಮಾಡಿದೆ. ಏನೂ ವಿಚಾರಿಸಲಿಲ್ಲ.

"ಎಲ್ಲಿದ್ದಿ?"

"ಬಸ್ ಸ್ಟ್ಯಾಂಡಿನಾಗೆ."

"ಅಲ್ಲೇ ಕುಂತಿರು. ಬರ್ತೀನಿ."

ಕೂತಿದ್ದೇನೆ. ಇನ್ನೂ ಬಂದಿಲ್ಲ. ಹಿಂದೆ ಬಾರಿನ ಬೋರ್ಡ್ ಹತ್ತಿಕೊಂಡಿತು. ಒಂದು ಸಲ ಎದ್ದೆ, ಮತ್ತೆ ಕೂತೆ. ಬರೆಯುತ್ತಿದ್ದರೆ ಕಾಲು ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಳ್ಳಾರಿ ಬಸ್ ಬಂತು. ಜನ ಇಳಿದರು. ಆ ಗುಂಪಿನ ನಡುವೆಯೂ ಜಂಪಣ್ಣ ಕಾಣಲಿಲ್ಲ. ಅವರು ಬರುವ ತನಕ ಇನ್ನೊಂದು ಸಾಲು ಬರೆಯುತ್ತೇನೆ. ಇನ್ನೂ ಒಂದು...