ಹಿತ್ತಲ ಕಡೆಯ ರೂಮು

ದೊಡ್ಡಆಲಹಳ್ಳಿ
೧೬–೧೧–೨೦೨೪, ಶನಿವಾರ

ನನ್ನ ಮುದ್ದಿನ ನವ್ಯಾ,

ನೀನೂ ಪುಟ್ಟಿಯೂ ಹೇಗಿದ್ದೀರಿ? ಹಾಸನದಲ್ಲಿ ನಮ್ಮ ಕಡೆಗಿಂತ ಚಳಿ ಜಾಸ್ತಿ, ಮಗುವಿನ ಕಿವಿ ಮುಚ್ಚುವ ಹಾಗೆ ಟೋಪಿ ಹಾಕಿ ಕಳಿಸು. ನಿನ್ನ ಗಂಟಲು ಸರಿಹೋಯಿತೇ? ದಿನವಿಡೀ ತರಗತಿಯಲ್ಲಿ ಪಾಠ ಹೇಳುವವಳು, ಬಿಸಿನೀರು ಕುಡಿಯುತ್ತಿರು. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ಆದರೂ ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುವುದನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಫೋನಿನಲ್ಲಿ ಅಪ್ಪನ ಹೆಸರೆತ್ತಿದರೆ ನೀನು ಮಾತು ತಿರುಗಿಸುತ್ತೀಯ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯಲು ಕೂತೆ.

ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿದ ಮೇಲೆ ಹೊಸ ಮನೆ ಕಟ್ಟುವುದೆಂದು ತೀರ್ಮಾನವಾಯಿತು. ಪ್ಲಾನು ಮಾಡುತ್ತಿರುವವಳು ಕನಕಪುರದ ಇಂಜಿನಿಯರ್ ಖತೀಜಾ. ನಿನ್ನ ವಯಸ್ಸಿನವಳೇ, ನಗುಮುಖದ ಹುಡುಗಿ. ಅವಳು ಮನೆಯನ್ನು ಮೊದಲು ಕಂಪ್ಯೂಟರಿನಲ್ಲೇ ಕಟ್ಟಿಬಿಡುತ್ತಾಳೆ. ಕಂಬ, ಪೈಪು, ಬಾಗಿಲು, ಎಲ್ಲವೂ ಅಳತೆ ಪ್ರಕಾರ. ಆಮೇಲೆ ಕಣ್ಣಿಗೊಂದು ದಪ್ಪ ಕನ್ನಡಕ ಕಟ್ಟಿದರೆ, ಇನ್ನೂ ಪಾಯವನ್ನೇ ತೆಗೆಯದ ಮನೆಯೊಳಗೆ ನಾವು ಓಡಾಡಿಕೊಂಡು ಬರಬಹುದು. ನಮ್ಮ ಹಿಪ್ಪುನೇರಳೆ ತೋಟದ ಫೋಟೋಗಳನ್ನೂ ತೆಗೆದುಕೊಂಡು ಹೋಗಿ ಅದರೊಳಗೆ ಸೇರಿಸಿದ್ದಳು.

ನಾನು ಅವಳಿಗೆ ಹೇಳಿ ಹಿತ್ತಲ ಕಡೆ ಇನ್ನೊಂದು ರೂಮು ಹಾಕಿಸಿದ್ದೆ. ನಿಮ್ಮಪ್ಪನಿಗೆ ತಿಳಿಸಿರಲಿಲ್ಲ. ನೀನು ಗಂಡನ ಮನೆ ಬಿಟ್ಟು ಮಗುವನ್ನೆತ್ತಿಕೊಂಡು ಬಂದ ದಿನ, ಕೊಟ್ಟ ಹೆಣ್ಣಿಗೆ ಇಲ್ಲಿ ಜಾಗವಿಲ್ಲ ಎಂದುಬಿಟ್ಟರಲ್ಲ, ಬೆಳಗಾಗುತ್ತಲೇ ನೀನು ಬಸ್ಸು ಹತ್ತಿದ ಮೇಲೆ ಅವರು ಒಂದು ದಿನವೂ ನಿನ್ನ ಹೆಸರೆತ್ತಿಲ್ಲ. ಅಂಥವರ ಮುಂದೆ ಈ ಮಾತನ್ನು ಎಲ್ಲಿಂದ ಶುರುಮಾಡಲಿ? ಪ್ಲಾನಿನಲ್ಲಿ ಬರೀ ‘ರೂಮು’ ಎಂದಿತ್ತು. ಉಗ್ರಾಣವಿರಬೇಕು ಎಂದುಕೊಂಡು ಸುಮ್ಮನಾಗಿದ್ದರು. ಆದರೆ ಖತೀಜಾ ಕಂಪ್ಯೂಟರಿನಲ್ಲಿ ಆ ರೂಮಿಗೆ ಮಂಚ, ಓದುವ ಮೇಜು, ಪಕ್ಕದಲ್ಲೊಂದು ಮಕ್ಕಳ ಪುಟ್ಟ ಮಂಚ ಇಟ್ಟಿದ್ದಳು. ಗುರುವಾರ ನಾವು ಅವಳ ಆಫೀಸಿಗೆ ಹೋದಾಗ ನನ್ನನ್ನು ಪಕ್ಕಕ್ಕೆ ಕರೆದು, "ಪೇಪರ್ ಮೇಲಾದ್ರೆ ಗೊತ್ತಾಗಲ್ಲ ಆಂಟಿ, ಇದ್ರಲ್ಲಿ ಅಂಕಲ್‌ಗೆ ಎಲ್ಲಾ ಕಂಡ್ಬಿಡುತ್ತೆ. ತೆಗೆದ್ಬಿಡ್ಲಾ?" ಎಂದು ಕೇಳಿದಳು. ಇರಲಿ ಬಿಡಮ್ಮ, ನೋಡಲಿ ಎಂದೆ.

ನಿಮ್ಮಪ್ಪ ಕನ್ನಡಕ ಕಟ್ಟಿಸಿಕೊಂಡು ನಿಂತದ್ದನ್ನು ನೀನು ನೋಡಬೇಕಿತ್ತು. ಹೊಸ ಬಾಗಿಲು ಎತ್ತರವಾಗಿದ್ದರೂ ಹಳೆಯ ಮನೆಯ ಅಭ್ಯಾಸಕ್ಕೆ ತಲೆ ಬಗ್ಗಿಸಿಯೇ ಒಳಗೆ ಹೋದರು. ಗೋಡೆ ಮುಟ್ಟಲು ಹೋಗಿ ಗಾಳಿ ಸವರಿದರು. ಅವರಿಗೆ ಕಾಣುವುದೆಲ್ಲ ನಮಗೂ ಕಾಣಲೆಂದು ಎದುರಿಗೆ ಟಿವಿ ಇತ್ತು. ನಡುಮನೆ ನೋಡಿದರು, ಅಡುಗೆಮನೆ ನೋಡಿ ಹೊಗೆ ಹೋಗುವುದೆಲ್ಲಿ ಎಂದು ವಿಚಾರಿಸಿದರು. ಆಮೇಲೆ ಆ ರೂಮಿಗೆ ಹೋದರು.

ಟಿವಿಯಲ್ಲಿ ಚಿತ್ರ ನಿಧಾನವಾಯಿತು. ಮಂಚ ಕಂಡಿತು. ಸ್ವಲ್ಪ ಹೊತ್ತಿನ ಮೇಲೆ ಮೇಜು. ಆಮೇಲೆ ಆ ಪುಟ್ಟ ಮಂಚ.

"ಇದ್ಯಾರ್ ರೂಮು?" ಎಂದರು.

"ನವ್ಯಂದು," ಎಂದೆ.

ಕನ್ನಡಕ ಕಿತ್ತು ಹೊರಟೇ ಹೋಗುತ್ತಾರೆ ಎಂದೇ ನಾನು ತಿಳಿದದ್ದು. ಖತೀಜಾ ನನ್ನ ಕೈ ಹಿಡಿದುಕೊಂಡಳು. ನಿಮ್ಮಪ್ಪ ಕೈಯಾಡಿಸಿ ಪಕ್ಕದಲ್ಲಿದ್ದ ಕುರ್ಚಿ ಹುಡುಕಿಕೊಂಡರು, ಅದನ್ನು ಹಿಡಿದು, ಆ ಮಂಡಿಯಲ್ಲಿ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತರು. ಬಿದ್ದರೇನೋ ಎಂದು ನಾನು ಎದ್ದೆ. ಟಿವಿಯಲ್ಲಿ ನೋಡಿದರೆ ಅವರ ಮುಖ ಕಿಟಕಿಯ ಕಡೆಗಿತ್ತು. ಕೂತ ಎತ್ತರಕ್ಕೆ ಕಿಟಕಿಯ ಕೆಳಗಿನ ಗೋಡೆ ಮಾತ್ರ ಕಾಣುತ್ತಿತ್ತು.

"ಕಿಟಕಿನಾ ಒಸಿ ತಗ್ಗುಸವ್ವ," ಎಂದರು ಖತೀಜಾಗೆ. "ಕೂಸಿಗೆ ತ್ವಾಟ ಕಾಣಾಕಿಲ್ಲ."

ಅವಳು ಅಲ್ಲೇ ಕಂಪ್ಯೂಟರಿನಲ್ಲಿ ತಗ್ಗಿಸಿದಳು. ನಮ್ಮ ತೋಟ ಹಸಿರಾಗಿ ಕಾಣಿಸಿತು. ಅವರು ಏಳಲಿಲ್ಲ, ನೋಡುತ್ತಲೇ ಇದ್ದರು. ಕನ್ನಡಕ ಬಿಚ್ಚಿದ ಮೇಲೆ, ಬಹಳ ಬಿಗಿ ಇತ್ತು ಎಂದು ಕಣ್ಣೊರೆಸಿಕೊಂಡರು. ಊರು ಮುಟ್ಟುವವರೆಗೆ ಬಸ್ಸಿನಲ್ಲಿ ನಾನು ಏನನ್ನೂ ಕೆದಕಲಿಲ್ಲ.

ಅವರಾಡಿದ್ದನ್ನು ಮರೆತುಬಿಡು ಎಂದು ನಾನು ಹೇಳುವುದಿಲ್ಲ. ನಡೆದದ್ದನ್ನು ನಿನಗೆ ತಿಳಿಸಬೇಕೆನಿಸಿತು, ಅಷ್ಟೆ. ಪುಟ್ಟಿಯ ಎರಡು ಕೆನ್ನೆಗೂ ನನ್ನ ಮುತ್ತು. ನಿಮ್ಮಿಬ್ಬರನ್ನೂ ದೇವರು ತಂಪಾಗಿಟ್ಟಿರಲಿ.

ನಿನ್ನ ಅಮ್ಮ,
ಲತಾಮಣಿ

ತಾ.ಕ.: ಭಾನುವಾರ ಬೆಳಿಗ್ಗೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಗದವನ್ನು ಅಂಚೆಗೆ ಹಾಕಬೇಡ, ಕೊಡು ಇಲ್ಲಿ ಎಂದು ನಿಮ್ಮಪ್ಪ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದಾರೆ. ಇದನ್ನು ನಿನ್ನ ಕೈಗೆ ಕೊಟ್ಟವರು ಅವರೇ. ನೀನು ಓದಿ ಮುಗಿಸುವವರೆಗೂ ಬಾಗಿಲ ಹೊರಗೇ ನಿಂತಿರುತ್ತಾರೆ. ತಾವಾಗಿ ಒಳಗೆ ಬರುವವರಲ್ಲ. ಕರೆ, ಮಗಳೇ.